ಕಸ ಗುಡಿಸಿದ್ದಾಯ್ತು, ಗಿಡ ಎಲ್ಲಿ?

‘ಬೆಂಗಳೂರಲ್ಲಿ ಹಸಿರಿಗೇನು ಬರ, ಲಾಲ್‌ಬಾಗ್ ಇಲ್ವಾ, ಕಬ್ಬನ್ ಪಾರ್ಕ್ ಇಲ್ವಾ’ ಅನ್ನೋರು ಆಗಾಗ ಸಿಗ್ತಾರೆ. ನಾಲ್ಕು ಮನೆ ಕೆಲಸ ಮುಗಿಸಿ ಸಂಜೆ ನಲ್ಲಿ ನೀರಿಗೆ ಕಾಯೋ ಹೆಂಗಸು, ಎರಡು ಬಸ್ ಹತ್ತಿ ಲಾಲ್‌ಬಾಗಿಗೆ ಹೋಗಿ ಗಾಳಿ ಕುಡಿದು ಬರ್ತಾಳಾ? ಅವಳ ಪಾಲಿಗೆ ಹಸಿರು ಅಂದ್ರೆ ಹೊಸ್ತಿಲು ದಾಟಿದ ಕೂಡಲೇ ಇರೋದು ಮಾತ್ರ.

ಮನೆ ಪಕ್ಕದ ಹಸಿರು ಮನಸ್ಸಿಗೆ ಏನು ಮಾಡುತ್ತೆ ಅನ್ನೋದನ್ನ ಅಮೆರಿಕದ ಫಿಲಡೆಲ್ಫಿಯಾದಲ್ಲಿ ಔಷಧಿ ಪರೀಕ್ಷೆ ಮಾಡೋ ಹಾಗೆ ಮಾಡಿ ನೋಡಿದ್ದಾರೆ. ಪಾಳುಬಿದ್ದ 541 ಖಾಲಿ ಸೈಟುಗಳನ್ನ ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದ್ರು. ಒಂದು ಕಡೆ ಕಸ ತೆಗೆದು, ನೆಲ ಸಮ ಮಾಡಿ, ಹುಲ್ಲು ಬೆಳೆಸಿ, ಕೆಲವು ಮರ ನೆಟ್ಟು, ಸುತ್ತ ಗಿಡ್ಡನೆಯ ಕಟ್ಟಿಗೆ ಬೇಲಿ ಹಾಕಿದ್ರು. ಒಳಗೆ ಹೋಗೋಕೆ ದಾರಿ ಬಿಟ್ಟೇ. ಇನ್ನೊಂದು ಕಡೆ ಕಸ ಮಾತ್ರ ತೆಗೆದ್ರು. ಮೂರನೇದನ್ನ ಮುಟ್ಟಲಿಲ್ಲ. ಫಲಿತಾಂಶ 2018ರಲ್ಲಿ ಬಂತು. ಏನೂ ಮಾಡದ ಜಾಗಗಳಿಗೆ ಹೋಲಿಸಿದ್ರೆ, ಹಸಿರಾದ ಜಾಗಗಳ ಅಕ್ಕಪಕ್ಕದವರಲ್ಲಿ ಮನಸ್ಸು ಕುಗ್ಗಿದೆ ಅನ್ನೋದು ಸುಮಾರು ಶೇ 41ರಷ್ಟು ಇಳಿದಿತ್ತು. ಕಡು ಬಡವರ ಬೀದಿಗಳಲ್ಲಿ ಶೇ 68ರಷ್ಟು. ಕಸ ಮಾತ್ರ ತೆಗೆದ ಕಡೆ? ಹೇಳಿಕೊಳ್ಳುವಂಥ ವ್ಯತ್ಯಾಸವೇ ಕಾಣಲಿಲ್ಲ.

ನನಗೆ ಚುಚ್ಚಿದ್ದು ಈ ಕೊನೇ ಮಾತು. ಯಾಕಂದ್ರೆ ನಾವು ಮಾಡೋದು ಅದನ್ನೇ. ಬ್ಲ್ಯಾಕ್‌ಸ್ಪಾಟ್ (ಜನ ಕಸ ತಂದು ಸುರಿಯೋ ಬೀದಿ ಮೂಲೆ) ಗುಡಿಸಿ, ರಂಗೋಲಿ ಬಿಟ್ಟು, ಫೋಟೊ ಹೊಡೆಸಿಕೊಂಡು ಹೋಗ್ತೀವಿ. (ಮಾರನೇ ವಾರ ಅದೇ ಕಸ.)

ನಮ್ಮ ಕೊಳೆಗೇರಿ ಜನಕ್ಕೆ ಗಿಡದ ಬೆಲೆ ಯಾರೂ ಹೇಳಿಕೊಡಬೇಕಿಲ್ಲ. ಸಂಶೋಧಕಿಯರಾದ ದಿವ್ಯಾ ಗೋಪಾಲ್, ಹರಿಣಿ ನಾಗೇಂದ್ರ ಬೆಂಗಳೂರಿನ 44 ಕೊಳೆಗೇರಿ ಸುತ್ತಿ 2014ರಲ್ಲಿ ಬರೆದದ್ದನ್ನ ಓದಿ. ಮರ ಕಮ್ಮಿ, ಆದರೆ ಇರೋದ್ರಲ್ಲಿ ಹೆಚ್ಚಿನವು ನುಗ್ಗೆ, ತೆಂಗಿನಂಥ ಉಪಯೋಗದ ಮರ. ಅಡುಗೆ, ಪಾತ್ರೆ ತೊಳೆಯೋದು, ಮಕ್ಕಳ ಆಟ, ಅಕ್ಕಪಕ್ಕದವರ ಹರಟೆ ಎಲ್ಲ ಅದರ ನೆರಳಲ್ಲೇ. ನೆಲ ಇಲ್ಲದವರು ಒಡೆದ ಬಕೆಟ್ಟು, ಡಬ್ಬಗಳಲ್ಲೇ ತುಳಸಿ ಬೆಳೆಸ್ತಾರೆ.

ಇಂಥವರಿಗೆ ಗ್ರಿಲ್ಲು, ಬೀಗ, ‘ಆಟ ಆಡಬಾರದು’ ಬೋರ್ಡು ಇರೋ ಪಾರ್ಕು ಯಾಕೆ? 2024ರಲ್ಲಿ ಪಾಲಿಕೆ ಪಾರ್ಕುಗಳನ್ನ ಬೆಳಿಗ್ಗೆ 5ರಿಂದ ರಾತ್ರಿ 10ರವರೆಗೆ ತೆರೆದಿಡಿ ಅಂತ ಆದೇಶ ಬಂತು, ಒಳ್ಳೇದೇ. ಅದಕ್ಕೂ ಮೊದಲು ನೆತ್ತಿ ಸುಡೋ ಹೊತ್ತಲ್ಲೇ ಗೇಟು ಮುಚ್ಚಿರ್ತಿತ್ತು.

ಗಿಡ ನೆಡೋಕೆ ಜಾಗ ಎಲ್ಲಿದೆ ಅಂತೀರಾ? ಬ್ಲ್ಯಾಕ್‌ಸ್ಪಾಟ್ ಪಟ್ಟಿ ಹೇಗೂ ವಾರ್ಡ್ ಆಫೀಸಲ್ಲಿ ಇರುತ್ತೆ, ಅಲ್ಲಿಂದಲೇ ಶುರು ಮಾಡಿ. ಎರಡು ಬೇಸಿಗೆ ನೀರು ಹಾಕೋ ಕೆಲಸವನ್ನ ಗುತ್ತಿಗೆದಾರರಿಗಲ್ಲ, ಆ ಬೀದಿಯ ಹೆಂಗಸರಿಗೆ ಕೊಡಿ. ಪುಕ್ಕಟೆ ಸೇವೆ ಅಂತಲ್ಲ, ತಿಂಗಳ ಸಂಬಳಕ್ಕೆ.