ಗಾಲಿಗೆ ಮೈಲಿಗೆ, ಹೇಸರಗತ್ತೆಗೆ ಮಡಿ

ಪಲ್ಲಕ್ಕಿ ಉತ್ಸವದ ನಿಯಮ ಎಲ್ಲರಿಗೂ ಗೊತ್ತಿದ್ದದ್ದೇ. ಹೊರುವವರ ಹೆಗಲು ಜಜ್ಜಿಹೋದರೂ ಸರಿ, ಉತ್ಸವಮೂರ್ತಿ ನೆಲ ಮುಟ್ಟಬಾರದು. ಅಮೆರಿಕದ ಅರಿಜೋನಾದಲ್ಲೂ ಇಂಥದ್ದೊಂದು ಉತ್ಸವ ನಡೆಯುತ್ತದೆ, ಗ್ರ್ಯಾಂಡ್ ಕ್ಯಾನ್ಯನ್ ರಾಷ್ಟ್ರೀಯ ಉದ್ಯಾನದಲ್ಲಿ. ಅಲ್ಲಿ ವಾಲಗವಿಲ್ಲ, ದೀವಟಿಗೆಯಿಲ್ಲ, ಹೊರುವವನು ಒಬ್ಬನೇ. ಅವನ ಬೆನ್ನೇರಿ ಬಿಜಯಂಗೈಯುವ ಮೂರ್ತಿ ಅವನದೇ ಸೈಕಲ್ಲು.

ಮೆಕ್ಸಿಕೊ ಗಡಿಯಿಂದ ಯೂಟಾ ಗಡಿವರೆಗೆ ಸುಮಾರು 1,290 ಕಿಲೋಮೀಟರಿನ ಅರಿಜೋನಾ ಟ್ರೇಲ್ ಇದೆ. ಸೈಕಲ್ಲಿನವರು ಕೆಲವೆಡೆ ಅದೇ ದಾರಿಯಲ್ಲಿ, ಸೈಕಲ್ಲು ನಿಷಿದ್ಧವಾದ ಕಾಡುಗಳಲ್ಲಿ ಸುತ್ತುಹಾಕಿ ಜಲ್ಲಿರಸ್ತೆಗಳಲ್ಲಿ, ದಿನಗಟ್ಟಲೆ ತುಳಿಯುತ್ತ ಬಂದು ಕ್ಯಾನ್ಯನ್ನಿನ ದಕ್ಷಿಣ ಅಂಚಿಗೆ ಮುಟ್ಟುತ್ತಾರೆ. ಎದುರಿನ ಅಂಚು ಹಕ್ಕಿ ಹಾರಿದರೆ 16 ಕಿಲೋಮೀಟರ್, ಕಾರು ಹೊರಟರೆ 345. ಮೂರನೆಯದು ಸೌತ್ ಕೈಬಾಬ್ ಎಂಬ ಕಾಲುದಾರಿಯಲ್ಲಿ ಕಣಿವೆಗೆ ಇಳಿದು ನಾರ್ತ್ ಕೈಬಾಬ್ ಎಂಬುದರಲ್ಲಿ ಹತ್ತುವುದು, ಸುಮಾರು 34 ಕಿಲೋಮೀಟರ್. ಸೈಕಲ್ಲನ್ನು ಜೊತೆಗೆ ಒಯ್ಯಲು ಅಡ್ಡಿಯಿಲ್ಲ. ಷರತ್ತು ಒಂದೇ, ಚಕ್ರ ನೆಲಕ್ಕೆ ತಾಗಬಾರದು. ಹತ್ತಿ ತುಳಿಯುವುದಂತೂ ದೂರದ ಮಾತು, ಎಳೆಕರುವಿನಂತೆ ಕೈಹಿಡಿದು ನಡೆಸಿಕೊಂಡು ಹೋಗುವಂತೆಯೂ ಇಲ್ಲ.

ಈ ಸೈಕಲ್ಲು ಗ್ರಾವೆಲ್ ಬೈಕು, ಅಂದರೆ ರೇಸ್ ಸೈಕಲ್ಲಿನ ಬಾಗಿದ ಹ್ಯಾಂಡಲ್ಲಿಗೆ 40–45 ಮಿಲಿಮೀಟರ್ ಅಗಲದ ಟೈರು ಕೂಡಿಸಿದ್ದು. ಜಲ್ಲಿ ಅಂದರೆ ಅದಕ್ಕೆ ಪ್ರಾಣ. ಆ ಜಲ್ಲಿಜೀವಿ ಇಲ್ಲಿ ಇಡೀ ದಿನ ಜಲ್ಲಿಯ ಮೇಲೆ ತೇಲುತ್ತ ಹೋಗುತ್ತದೆ, ಒಂದಂಗುಲವೂ ಉರುಳದೆ.

ನ್ಯಾಯವಾಗಿ ಹೇಳಬೇಕೆಂದರೆ, ಸವಾರಿ ಬೇಡವೆಂಬ ಮಾತಿನಲ್ಲಿ ಹುರುಳಿದೆ. ಒಂದು ಪಕ್ಕ ಪ್ರಪಾತ, ತಿರುವಿನಾಚೆ ನೀರಿಲ್ಲದೆ ಕಂಗೆಟ್ಟ ಪ್ರವಾಸಿ. ಅಲ್ಲಿ ಬ್ರೇಕು ಹಿಡಿಯುತ್ತ ಇಳಿಯುವವನು ತಾನೂ ಸಾಯುತ್ತಾನೆ, ಜೊತೆಗೊಬ್ಬರನ್ನು ಕರೆದುಕೊಂಡೂ ಹೋಗುತ್ತಾನೆ. ಆದರೆ ಕೈಯಲ್ಲಿ ತಳ್ಳಿಕೊಂಡು ಹೋಗುವ 10 ಕಿಲೋ ಸೈಕಲ್ಲಿನ ರಬ್ಬರು ನೆಲಕ್ಕೆ ಸೋಕಿದರೆ ಕೆಡುವಂಥದ್ದು ಅಲ್ಲಿ ಏನಿದೆ?

ಸೋಕಬಹುದಾದವರ ಪಟ್ಟಿ ನೋಡಿದರೆ ಪ್ರಶ್ನೆ ಇನ್ನೂ ಗಟ್ಟಿಯಾಗುತ್ತದೆ. ನಾಲ್ಕು ಕ್ವಿಂಟಲ್ ದಾಟುವ ಹೇಸರಗತ್ತೆಗಳು ಲಾಳ ಹೊಡೆಸಿಕೊಂಡು, ಸಾಮಾನನ್ನೋ ಸವಾರರನ್ನೋ ಹೊತ್ತು, ಸಾಲಾಗಿ ಇದೇ ದಾರಿ ತುಳಿಯುತ್ತವೆ. ತಳದ ಫ್ಯಾಂಟಮ್ ರಾಂಚ್ ಎಂಬ ತಂಗುದಾಣದಿಂದ ಅಂಚೆ ಹೊರುವವೂ ಅವೇ, ಕಾಗದದ ಮೇಲೆ ಅದಕ್ಕೆಂದೇ ಮುದ್ರೆ ಬೀಳುತ್ತದೆ. ದಾರಿಯಲ್ಲಿ ಲದ್ದಿ, ತಗ್ಗಿದ್ದಲ್ಲಿ ಗಂಜಲದ ಮಡು. ಅದೆಲ್ಲ ತೀರ್ಥಪ್ರಸಾದ. ಕ್ಯಾನ್ಯನ್ನಿನ ಬೇರೆ ಕಡೆಯ ಆಕಾಶದಲ್ಲಿ ಪ್ರವಾಸಿ ಹೆಲಿಕಾಪ್ಟರ್ ಕಿವಿ ಕೊರೆಯುತ್ತದೆ, ಅದು ಮಂತ್ರಘೋಷ. ಕೆಳಗೆ ಕೊಲೊರಾಡೊ ನದಿಯಲ್ಲಿ ಏಪ್ರಿಲ್ 1ರಿಂದ ಸೆಪ್ಟೆಂಬರ್ 15ರವರೆಗೆ ಮೋಟಾರು ಕೂಡಿಸಿದ ದೋಣಿಗಳು ಗುರುಗುಟ್ಟುತ್ತ ಸಾಗಬಹುದು, ಅದು ತೆಪ್ಪೋತ್ಸವ ಅಂದುಕೊಳ್ಳೋಣ. ಸದ್ದಿಲ್ಲದ ಗಾಲಿಗೆ ಮಾತ್ರ ಮೈಲಿಗೆ.

ದಾರಿ ಸ್ವಯಂಭೂ ಅಂದುಕೊಂಡು ಕೈಮುಗಿಯುವವರಿಗೆ ಒಂದು ಮಾತು. ಪಕ್ಕದ ಬ್ರೈಟ್ ಏಂಜೆಲ್ ದಾರಿಯಲ್ಲಿ ಸುಂಕ ವಸೂಲಿ ನಡೆಯುತ್ತಿತ್ತು. ಅದನ್ನು ತಪ್ಪಿಸಲೆಂದೇ 1924–25ರಲ್ಲಿ ಡೈನಮೈಟ್ ಇಟ್ಟು ಬಂಡೆ ಸಿಡಿಸಿ ಮಾಡಿದ್ದು ಈ ಸೌತ್ ಕೈಬಾಬ್ ದಾರಿ. ಡೈನಮೈಟಿಗೆ ಅಳುಕದ ನೆಲ ಟೈರಿಗೆ ಅಳುಕುತ್ತದೆ.

ಈ ಮಡಿಗೆ ಶಾಸ್ತ್ರಾಧಾರವನ್ನು ಪಕ್ಕದ ಕಾಡಿನಲ್ಲೇ ಹುಡುಕಬೇಕು. 1964ರ ವನ್ಯಪ್ರದೇಶ ಕಾಯ್ದೆ ಮೋಟಾರು ವಾಹನಗಳ ಜೊತೆಗೆ ‘ಇತರ ಯಾವುದೇ ಯಾಂತ್ರಿಕ ಸಾರಿಗೆ’ಯನ್ನೂ ನಿಷೇಧಿಸಿತು. ಯಾಂತ್ರಿಕ ಅಂದರೇನು? 1966ರಲ್ಲಿ ಅಮೆರಿಕದ ಅರಣ್ಯ ಇಲಾಖೆಯವರು ಜೀವವಿಲ್ಲದ ಶಕ್ತಿಯಿಂದ ಓಡುವುದು ಎಂದು ಅರ್ಥ ಬರೆದರು. ಹಾಗಾದರೆ ತುಳಿಯುವವನು ಜೀವಂತ ಇರುವಷ್ಟು ಹೊತ್ತು ಸೈಕಲ್ಲು ಪಾರು. 1984ರಲ್ಲಿ ನಿಯಮ ತಿದ್ದಿ, ಸೈಕಲ್ಲನ್ನು ಒಳಗೆ ಇಟ್ಟುಕೊಂಡಿರುವುದೇ ತಪ್ಪು ಎಂದರು. ದೋಣಿಯ ಹುಟ್ಟಿನ ಕೀಲು ಯಂತ್ರವಲ್ಲ, ಹಿಮದ ಮೇಲೆ ಜಾರುವ ಸ್ಕೀ ಬೂಟಿನ ಸ್ಪ್ರಿಂಗು ಯಂತ್ರವಲ್ಲ, ಪೆಡಲ್ಲು ಯಂತ್ರ. ಕ್ಯಾನ್ಯನ್ನಿನ ದಾರಿಗೆ ಇರುವುದು ಉದ್ಯಾನದ ಸ್ವಂತ ನಿಯಮ. ಕುಲ ಬೇರೆ, ಗೋತ್ರ ಒಂದೇ.

ಇನ್ನೊಂದು ತಮಾಷೆ ಇದೆ. 750 ವಾಟ್ ಮೀರದ ಮೋಟಾರಿನ ವಿದ್ಯುತ್ ಸೈಕಲ್ಲನ್ನು ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ ಸೈಕಲ್ಲೆಂದೇ ಕಾಣುವ ಪರಿಪಾಠ. 2020ರ ನಿಯಮದ ಪ್ರಕಾರ ಸೈಕಲ್ಲು ಬಿಡುವಲ್ಲಿ ಅದನ್ನೂ ಬಿಡಲು ಉದ್ಯಾನದ ಮೇಲಧಿಕಾರಿಗೆ ಅಧಿಕಾರವಿದೆ. 746 ವಾಟ್ ಅಂದರೆ ಒಂದು ಅಶ್ವಶಕ್ತಿ. ಕೊನೆಗೂ ಕುದುರೆ ಇದ್ದವನಿಗೇ ಬಾಗಿಲು.

ಇರಲಿ, ಉತ್ಸವಕ್ಕೆ ತಯಾರಿ ನೋಡೋಣ. 4, 5, 6 ಮಿಲಿಮೀಟರಿನ ಅಲೆನ್ ಕೀ, ಒಂದು ಟಿ-25 ನಕ್ಷತ್ರದ ಕೀ, ಪೆಡಲ್ಲಿಗೆ 8ರ ಕೀ ಅಥವಾ 15ರ ಸ್ಪ್ಯಾನರು ಬೇಕು. ಮೊದಲು ಪೆಡಲ್ಲು. ಎಡಗಡೆಯದಕ್ಕೆ ಉಲ್ಟಾ ಥ್ರೆಡ್ಡು, ಅಂದರೆ ಬಲಕ್ಕೆ ತಿರುಗಿಸಿದರೆ ಬಿಚ್ಚುತ್ತದೆ. ಅದು ಮರೆತು ಎಡಕ್ಕೆ ಜೋರು ಹಾಕಿದವರು ಅಂಚಿನಲ್ಲೇ ಸಂಕಲ್ಪ ಮುಗಿಸುತ್ತಾರೆ. ಪೆಡಲ್ಲು ಬಿಚ್ಚದೆ ಹೊತ್ತರೆ ಹೆಜ್ಜೆಗೊಮ್ಮೆ ಸೊಂಟಕ್ಕೆ ತಿವಿಯುತ್ತದೆ. ಆಮೇಲೆ ಚೈನನ್ನು ಹಿಂದಿನ ಅತಿ ಸಣ್ಣ ಹಲ್ಲಿಗೆ ಇಳಿಸಿ ಎರಡೂ ಚಕ್ರ ತೆಗೆಯಬೇಕು. ತೆಗೆದ 12 ಮಿಲಿಮೀಟರ್ ಆಕ್ಸಲ್ಲುಗಳನ್ನು, ಅಂದರೆ ಚಕ್ರದ ಅಚ್ಚುಗಳನ್ನು, ಆಗಲೇ ಮುಂದಿನ ಫೋರ್ಕಿಗೂ ಹಿಂದಿನ ಚೌಕಟ್ಟಿಗೂ ವಾಪಸ್ ಸಿಗಿಸಬೇಕು, ಜೇಬಿಗೆ ಹಾಕಿದ್ದು ನದಿಗೇ ಹೋಗುತ್ತದೆ.

ಮುಖ್ಯವಾದದ್ದು ಬ್ರೇಕು. ಎಣ್ಣೆ ಬ್ರೇಕಾದರೆ ಡಿಸ್ಕು ಹೊರಬಂದ ಕೂಡಲೇ ಪ್ಯಾಡುಗಳ ನಡುವೆ ಪ್ಲಾಸ್ಟಿಕ್ ತುಂಡೋ ಮಡಿಸಿದ ರಟ್ಟೋ ತುರುಕಬೇಕು. ಇಲ್ಲದಿದ್ದರೆ ದಾರಿಯಲ್ಲಿ ಯಾವ ಪಟ್ಟಿಯೋ ಲಿವರನ್ನು ಅದುಮಿ ಪಿಸ್ಟನ್ನು ಮುಂದೆ ಬರುತ್ತದೆ, ಪ್ಯಾಡುಗಳು ಬಾಯಿ ಮುಚ್ಚಿಕೊಳ್ಳುತ್ತವೆ. ಸಂಜೆ ಆಚೆ ಅಂಚಿನಲ್ಲಿ ಡಿಸ್ಕು ಒಳಗೆ ಹೋಗದೆ, ಚಳಿಯಲ್ಲಿ ನಡುಗುತ್ತ ಚಪ್ಪಟೆ ಉಪಕರಣದಿಂದ ಮೀಟುತ್ತ ಕೂರಬೇಕು. ಚೈನನ್ನು ಹಲ್ಲಿನಿಂದ ಹಲ್ಲಿಗೆ ಸರಿಸುವ ಹಿಂದಿನ ಡಿರೈಲರನ್ನು 5ರ ಕೀಲಿಯಲ್ಲಿ ಬಿಚ್ಚಿ ಚೈನಿನ ಸಮೇತ ಹಳೇ ಬಟ್ಟೆಯಲ್ಲಿ ಸುತ್ತಿ ಚೌಕಟ್ಟಿನೊಳಗೆ ಕಟ್ಟಿ. ಅದು ತೂಗುವ ಹ್ಯಾಂಗರ್ ಬೇಕೆಂದೇ ಮೆತ್ತಗೆ ಮಾಡಿದ ಅಲ್ಯುಮಿನಿಯಂ ತುಂಡು. ಬಂಡೆಗೆ ತಗುಲಿದರೆ ಬಾಗುತ್ತದೆ, ಗೇರು ಕೂರುವುದಿಲ್ಲ. ಒಂದು ಹೆಚ್ಚಿಗೆ ಇರಲಿ. ಹ್ಯಾಂಡಲ್ಲಿನ ನಾಲ್ಕು ತಿರುಪು ಸಡಿಲಿಸಿ ಚೌಕಟ್ಟಿಗೆ ಸಮನಾಗಿ ತಿರುಗಿಸಬೇಕು. ಬ್ರೇಕಿನ ಕೊಳವೆ ಒಳಗೊಳಗೇ ಹೋಗುವ ಹೊಸ ಮಾದರಿಯಲ್ಲಿ ಅದು ತಿರುಗುವುದೇ ಅರ್ಧ, ಇದನ್ನು ಮನೆಯಲ್ಲೇ ನೋಡಿಕೊಂಡು ಹೊರಡಿ.

ಕಟ್ಟುವಾಗ ಭಾರ ಬೆನ್ನೆಲುಬಿಗೆ ಅಂಟಿ, ಭುಜದ ಮಟ್ಟದಲ್ಲಿ ಇರಬೇಕು. ಚಕ್ರಗಳನ್ನು ಹೊರಮೈಗೆ ಅಡ್ಡಡ್ಡ ಕಟ್ಟಿದರೆ ದಾರಿಯಲ್ಲಿ ಸಿಗುವ ಸೀಡರ್ ರಿಡ್ಜ್ ದಿಣ್ಣೆಯ ಗಾಳಿಗೆ ಹಾಯಿಯಾಗುತ್ತವೆ, ಮಗ್ಗುಲಿಗೊಂದು ಕಟ್ಟುವುದು ವಾಸಿ. ಸೈಕಲ್ಲು 10 ಕಿಲೋ, ಚೀಲಗಳು 5, ನೀರು 4 ಲೀಟರ್. ಹತ್ತಿರಹತ್ತಿರ 20 ಕಿಲೋ ದೇವರು. ನೀರಿನಲ್ಲಿ ಮಾತ್ರ ಚೌಕಾಸಿ ಬೇಡ, ಸೌತ್ ಕೈಬಾಬಿನ 11 ಕಿಲೋಮೀಟರ್ ಇಳಿಜಾರಿನಲ್ಲಿ ನೀರೂ ಇಲ್ಲ, ನೆರಳೂ ಇಲ್ಲದ ಹಾಗೆಯೇ. ಬೇಸಿಗೆಯಲ್ಲಿ ತಳದ ಬಿಸಿಲು 40 ಡಿಗ್ರಿ ದಾಟುತ್ತದೆ. ಸೈಕಲ್ಲಿನ ಗಟ್ಟಿ ಅಟ್ಟೆಯ ಬೂಟು ಹಾಕಿಕೊಂಡು ಇಳಿಯುವವರ ಕಾಲ್ಬೆರಳಿನ ಉಗುರು ತಳ ಮುಟ್ಟುವಷ್ಟರಲ್ಲಿ ಕಪ್ಪು.

ಇಳಿಯುವ ಎತ್ತರ ಸುಮಾರು 1,460 ಮೀಟರ್. ಮಣ್ಣು ಕೊಚ್ಚಿಹೋಗದಿರಲೆಂದು ಅಡ್ಡಲಾಗಿ ದಿಮ್ಮಿ ಹಾಕಿದ್ದಾರೆ. ದಿಮ್ಮಿಯ ಹಿಂದಿನ ಮಣ್ಣನ್ನು ಲಾಳ ಕೆದರಿ ಕೆದರಿ ಮೊಣಕಾಲುದ್ದದ ಮೆಟ್ಟಿಲಾಗಿದೆ. ಅಷ್ಟರಲ್ಲಿ ಎದುರಿಗೆ ಹೇಸರಗತ್ತೆ ಸಾಲು ಬಂತೆನ್ನಿ. ಶಿಷ್ಟಾಚಾರ ಹೀಗಿದೆ: ಬೆಟ್ಟದ ಕಡೆಗೆ ಸರಿದು ನಿಲ್ಲಬೇಕು, ಸದ್ದು ಮಾಡಬಾರದು, ಸಾಲು ನಡೆಸುವವರು ಹೇಳಿದಂತೆ ಕೇಳಬೇಕು, ಕೊನೆಯ ಪ್ರಾಣಿ 15 ಮೀಟರ್ ದಾಟುವವರೆಗೆ ಕದಲಬಾರದು. ಬೆನ್ನ ಮೇಲೆ ಬೆಳ್ಳಿಯಂತೆ ಹೊಳೆಯುವ ಡಿಸ್ಕು ಇದ್ದರೆ ಬಟ್ಟೆ ಮುಚ್ಚಿ, ಪ್ರಾಣಿ ಬೆದರೀತು. ಹೊರೆ ಹೊತ್ತ ಮನುಷ್ಯ ಹೊರೆ ಹೊರುವ ಪ್ರಾಣಿಗೆ ತಲೆತಗ್ಗಿಸಿ ದಾರಿ ಬಿಡುವ ಈ ಹೊತ್ತೇ ಉತ್ಸವದ ಮಹಾಮಂಗಳಾರತಿ.

ತಳದಲ್ಲಿ 1928ರ ತೂಗುಸೇತುವೆ. ಅದರ ಒಂದೊಂದು ಮುಖ್ಯ ಹಗ್ಗವೂ ಸುಮಾರು ಒಂದು ಟನ್ನಿನ ಉಕ್ಕು, 168 ಮೀಟರ್ ಉದ್ದ. ಹೇಸರಗತ್ತೆಗಳಿಂದ ಸಾಗಿಸಲಾಗದೆ 42 ಜನ, ಹೆಚ್ಚಿನವರು ಹವಸುಪಾಯಿ ಮೂಲನಿವಾಸಿಗಳು, ಹಾವಿನಂತೆ ಸಾಲಾಗಿ ಹೆಗಲ ಮೇಲೆ ಹೊತ್ತು ಇಳಿಸಿದರು. ಈಗ ಅದರ ಮೇಲೆ ಹೇಸರಗತ್ತೆ ಆರಾಮವಾಗಿ ದಾಟುತ್ತದೆ. ಹಿಂದೆಯೇ ಸೈಕಲ್ಲು ಹೊತ್ತವನು.

ಅಲ್ಲಿಂದ ನಾರ್ತ್ ಕೈಬಾಬ್ ದಾರಿಯಲ್ಲಿ 23 ಕಿಲೋಮೀಟರ್, 1,760 ಮೀಟರ್ ಏರು. 2025ರ ಜುಲೈನ ಕಾಡ್ಗಿಚ್ಚಿನಲ್ಲಿ ಉತ್ತರ ಅಂಚಿನ ಲಾಡ್ಜೇ ಸುಟ್ಟುಹೋಯಿತು, ಹಾಗಾಗಿ ದಾರಿ ತೆರೆದಿದೆಯೇ, ನಲ್ಲಿಯಲ್ಲಿ ನೀರಿದೆಯೇ ಎಂದು ಮೊದಲೇ ವಿಚಾರಿಸದೆ ಕಾಲಿಡಬೇಡಿ. ದಣಿವಿಗೆ ಕೂರುವಾಗಲೂ ಹುಷಾರು. ಮೂಟೆ ಇಳಿಸಿದರೆ ಟೈರು ನೆಲಕ್ಕೆ ತಾಗಿತಲ್ಲ! ಚಕ್ರ ಮೇಲಿರುವಂತೆ ಬಂಡೆಗೆ ಒರಗಿಸಿ, ಯಾರಾದರೂ ಕೇಳಿದರೆ ಬಂಡೆ ದಾರಿಯಲ್ಲ ಎನ್ನಿ.

ಮೇಲೆ, ದಾರಿ ಮುಗಿಯುವಲ್ಲಿ ಕಾರು ನಿಲ್ಲಿಸುವ ಜಾಗ. ಅಲ್ಲಿ ಗಾಲಿ ಇಳಿಸಲು ಅಡ್ಡಿಯಿಲ್ಲ. ಚಕ್ರ ಕೂಡಿಸಿ, ಲಿವರನ್ನು ನಾಲ್ಕಾರು ಸಲ ಅದುಮಿ, ಹ್ಯಾಂಡಲ್ಲಿನ ತಿರುಪುಗಳನ್ನು ಅಡ್ಡಡ್ಡವಾಗಿ ಒಂದೊಂದೇ ಸುತ್ತು ಬಿಗಿದು, ಎಡ ಪೆಡಲ್ಲು ಉಲ್ಟಾ ಎಂಬುದನ್ನು ಇನ್ನೊಮ್ಮೆ ನೆನೆದು ಹೊರಡಬಹುದು. ಟೈರಿಗೆ ಲದ್ದಿ ಮೆತ್ತಿದ್ದರೆ ಮೊದಲು ಒರೆಸಿಕೊಳ್ಳಿ. ನೆಲ ಮುಟ್ಟದ ಚಕ್ರಕ್ಕೆ ಅದು ಹೇಗೆ ಮೆತ್ತಿತೆಂದು ರೇಂಜರು ಕೇಳಿದರೆ ಉತ್ತರ ಕೊಡುವುದು ಕಷ್ಟ.