ಬುದ್ಧಿ ಹೇಳೋದಕ್ಕೆ ಮುಂಚೆ ರಕ್ತ ಪರೀಕ್ಷೆ ಮಾಡಿಸಿ

ಮನಸ್ಸು, ದೇಹದ ಬಗ್ಗೆ ನಿಮ್ಮ ಅಂಕಣದಲ್ಲಿ ಬಂದ ಲೇಖನ ಇಷ್ಟವಾಯಿತು ಸರ್. ಆದರೆ ‘ಮನಸ್ಸು ಗಟ್ಟಿ ಇದ್ದರೆ ದೇಹ ತಾನಾಗೇ ಸರಿಹೋಗುತ್ತದೆ’ ಅನ್ನೋ ಸಾಲನ್ನು ಒಪ್ಪೋದು ಕಷ್ಟ. ಎಷ್ಟೋ ಸಲ ಇದು ಉಲ್ಟಾ ಇರುತ್ತದೆ.

ನಮ್ಮ ಚಿಕ್ಕಮ್ಮ ಆಷಾಢ ಶುಕ್ರವಾರ ಬಂತೆಂದರೆ ಚಾಮುಂಡಿ ಬೆಟ್ಟದ ಮೆಟ್ಟಿಲಿಗೆಲ್ಲ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದವರು. ಆಮೇಲಾಮೇಲೆ ದೇವರ ದೀಪ ಹಚ್ಚೋದಕ್ಕೂ ಬೇಜಾರು. ಸದಾ ಸುಸ್ತು, ಮಾತಿಗೆ ಮುಂಚೆ ಕಣ್ಣೀರು. ಮನೆಯವರು ದೃಷ್ಟಿ ತೆಗೆದರು. ‘ಸುಮ್ನೆ ಯೋಚನೆ ಮಾಡ್ಬೇಡ, ಧ್ಯಾನ ಮಾಡು’ ಅಂದರು. ಪಾಪ, ಅವರು ಅದನ್ನೂ ಮಾಡಿದರು. ಕೊನೆಗೆ ರಕ್ತ ಪರೀಕ್ಷೆ ಮಾಡಿಸಿದರೆ ಥೈರಾಯ್ಡ್ ಹಾರ್ಮೋನ್ ಕಡಿಮೆ! ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಂದು ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ಮೊದಲಿನ ನಗು ವಾಪಸ್ ಬಂತು. ವಿಟಮಿನ್ ಬಿ12 ಕಮ್ಮಿಯಾದರೂ ಹೀಗೆ ಮನಸ್ಸು ಕುಗ್ಗಬಹುದು. ಮಾಂಸ, ಮೊಟ್ಟೆ ತಿನ್ನದವರು ಇದನ್ನು ನೋಡಿಕೊಳ್ಳಲೇಬೇಕು. ಹೀಗೆ ಮನಸ್ಸು ಕುಗ್ಗಿದವರಿಗೆ ‘ನಿಂಗೆ ಭಕ್ತಿ ಸಾಲದು’ ಅನ್ನೋದು ನಿಜಕ್ಕೂ ಕ್ರೌರ್ಯ.

ಯೋಗವನ್ನು ನಾನು ಬೇಡ ಅನ್ನುತ್ತಿಲ್ಲ. 1933ರಲ್ಲಿ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ಯೋಗಶಾಲೆ ಶುರುವಾದಾಗ ಯೋಗಗುರು ಕೃಷ್ಣಮಾಚಾರ್ಯರು ಹುಡುಗರ ಮೈ ಬಗ್ಗಿಸಿ, ಉಸಿರಿನ ಜೊತೆ ಆಸನ ಕಲಿಸಿದರು. ಉಸಿರನ್ನು ನಿಧಾನವಾಗಿ ಹೊರಗೆ ಬಿಟ್ಟಾಗ ಎದೆಬಡಿತ ಇಳಿಯುತ್ತದೆ, ಗಾಬರಿಯೂ ತಗ್ಗುತ್ತದೆ. ಅಲ್ಲೂ ದೇಹದಿಂದಲೇ ಮನಸ್ಸಿಗೆ ದಾರಿ, ಅಲ್ವಾ?

ಮುಂದಿನ ಲೇಖನದಲ್ಲಿ ದಯವಿಟ್ಟು ಈ ಪರೀಕ್ಷೆಗಳ ಬಗ್ಗೆಯೂ ನಾಲ್ಕು ಸಾಲು ಬರೆಯಿರಿ ಸರ್. ನಮ್ಮ ಅಮ್ಮಂದಿರು ನಿಮ್ಮ ಅಂಕಣ ಓದುತ್ತಾರೆ.