ಮೂರು ವರ್ಷದ ವಿದ್ಯಾರ್ಥಿ, ನೂರು ವರ್ಷದ ಮರ

ಕಾಲೇಜಿನ ಆವರಣದಲ್ಲಿರುವ ವೃಕ್ಷೋದ್ಯಾನದ ಮಾತು ಬಂದಾಗಲೆಲ್ಲ ಒಂದು ಧಾಟಿ ಕಿವಿಗೆ ಬೀಳುತ್ತದೆ: ಉದ್ಯಾನವಿರುವುದು ವಿದ್ಯಾರ್ಥಿಗಳಿಗಾಗಿ, ಸುತ್ತಲಿನ ಜನರನ್ನು ಒಳಗೆ ಬಿಡುವುದು ಸಂಸ್ಥೆಯ ದೊಡ್ಡ ಮನಸ್ಸು. ಹಲವು ವರ್ಷ ಸಸ್ಯಶಾಸ್ತ್ರ ಕಲಿಸಿ, ಬಿಡುವಿನ ದಿನಗಳಲ್ಲಿ ಇಂಥದೊಂದು ಉದ್ಯಾನದಲ್ಲಿ ಬಂದವರಿಗೆ ಮರ ತೋರಿಸುತ್ತ ಬಂದಿರುವ ನನಗೆ ಈ ಲೆಕ್ಕ ತಲೆಕೆಳಗಾಗಿದೆ ಎನ್ನಿಸುತ್ತದೆ. ವಿದ್ಯಾರ್ಥಿ ಮೂರೋ ನಾಲ್ಕೋ ವರ್ಷ ಇದ್ದು ಹೋಗುವವನು. ಮರದ ಆಯಸ್ಸಿನ ಮುಂದೆ ಅಧ್ಯಾಪಕನೂ ಅಷ್ಟೇ. ಹೆಚ್ಚೆಂದರೆ ಮೂವತ್ತು ವರ್ಷ. ಬೇಲಿಯಾಚೆ ಮನೆ ಮಾಡಿಕೊಂಡವರು, ಅವರ ಮಕ್ಕಳು, ಮೊಮ್ಮಕ್ಕಳು ಮಾತ್ರ ಅಲ್ಲಿಯೇ ಇರುತ್ತಾರೆ. ನೆರೆಹೊರೆಯವರಿಗೆ ಉದ್ಯಾನ ಎಷ್ಟು ಬೇಕೋ, ಉದ್ಯಾನಕ್ಕೆ ನೆರೆಹೊರೆಯವರು ಅದಕ್ಕಿಂತ ಹೆಚ್ಚು ಬೇಕು.

ಬೇಲಿಯ ಇತಿಹಾಸ ಹಳೆಯದು. 1545ರಲ್ಲಿ ಇಟಲಿಯ ಪಡುವಾ ವಿಶ್ವವಿದ್ಯಾಲಯದಲ್ಲಿ ಸಸ್ಯೋದ್ಯಾನವೊಂದು ಹುಟ್ಟಿತು. ನಿಜವಾದ ಔಷಧಿಯ ಗಿಡ ಯಾವುದು, ಅದರಂತೆಯೇ ಕಾಣುವ ಬೇರೆ ಗಿಡ ಯಾವುದು ಎಂಬುದನ್ನು ವೈದ್ಯ ವಿದ್ಯಾರ್ಥಿಗಳು ಕಣ್ಣಾರೆ ಕಂಡು ಕಲಿಯಲಿ ಎಂಬುದು ಅದರ ಉದ್ದೇಶವಾಗಿತ್ತು. ಬೆಲೆಬಾಳುವ ಗಿಡಗಳು ರಾತ್ರೋರಾತ್ರಿ ಕಳುವಾಗತೊಡಗಿದ್ದರಿಂದ ಕೆಲವೇ ವರ್ಷಗಳಲ್ಲಿ ಅದರ ಸುತ್ತ ದುಂಡನೆಯ ಗೋಡೆ ಎದ್ದಿತು. ಕಲಿಸುವ ತೋಟ ಹುಟ್ಟಿದ ಬೆನ್ನಿಗೇ ಗೋಡೆಯೂ ಹುಟ್ಟಿತು ಎನ್ನಬಹುದು. ಆಗ ಅದಕ್ಕೆ ಕಾರಣವಿತ್ತು. ಇಂದು ಎಷ್ಟೋ ಕಡೆ ಕಾರಣ ಹೋಗಿ ಗೋಡೆಯಷ್ಟೇ ಉಳಿದಿದೆ.

ಇದಕ್ಕೆ ಎದುರಾದ ಉದಾಹರಣೆ ಹಾರ್ವರ್ಡ್ ವಿಶ್ವವಿದ್ಯಾಲಯದ ಅರ್ನಾಲ್ಡ್ ಅರ್ಬೊರೇಟಂ. 1872ರಲ್ಲಿ ಸ್ಥಾಪನೆಯಾದ ಈ ವೃಕ್ಷೋದ್ಯಾನದ ವಿಷಯದಲ್ಲಿ ಬಾಸ್ಟನ್ ನಗರಕ್ಕೂ ವಿಶ್ವವಿದ್ಯಾಲಯಕ್ಕೂ 1882ರಲ್ಲಿ ಒಂದು ಒಪ್ಪಂದವಾಯಿತು. ಜಮೀನು ನಗರದ್ದು, ಅದನ್ನು ವಿಶ್ವವಿದ್ಯಾಲಯಕ್ಕೆ ಸಾವಿರ ವರ್ಷಗಳ ಗುತ್ತಿಗೆಗೆ ಕೊಡಲಾಗಿದೆ. ಮರಗಳ ಪಾಲನೆಯೂ ಸಂಶೋಧನೆಯೂ ವಿಶ್ವವಿದ್ಯಾಲಯದ ಹೊಣೆ, ದಾರಿಗಳು ಮತ್ತು ಕಾವಲು ನಗರದ ಹೊಣೆ, ಸಾರ್ವಜನಿಕರಿಗೆ ಪ್ರವೇಶ ಉಚಿತ. ಸಾವಿರ ವರ್ಷ ಎಂಬುದನ್ನು ಮೊದಲ ಸಲ ಓದಿದಾಗ ನಗು ಬಂದಿತ್ತು. ಆಮೇಲೆ ಯೋಚಿಸಿದರೆ, ಮರಗಳ ಹೆಸರಿನಲ್ಲಿ ಕಾಗದಪತ್ರ ಮಾಡಿಕೊಂಡವರು ಮರಗಳ ಕಾಲಮಾನವನ್ನೇ ಅಳತೆಗೋಲಾಗಿ ಇಟ್ಟುಕೊಂಡದ್ದು ಸರಿಯಾಗಿಯೇ ಇದೆ.

ಇನ್ನು ನನ್ನ ಕಥೆ. ಮೊದಲ ಸಲ ಶಾಲಾ ಮಕ್ಕಳ ತಂಡವೊಂದು ಬಂದಾಗ ಒಂದೂವರೆ ಗಂಟೆಯಲ್ಲಿ 32 ಮರಗಳನ್ನು ತೋರಿಸಿದೆ. ಪ್ರತಿ ಮರದ ವೈಜ್ಞಾನಿಕ ಹೆಸರು, ಕುಟುಂಬ, ಮೂಲಸ್ಥಾನ, ಉಪಯೋಗ ಎಲ್ಲವನ್ನೂ ಹೇಳಿದೆ. ಮಕ್ಕಳು ಶಿಸ್ತಿನಿಂದ ಬರೆದುಕೊಂಡರು, ಬ್ಯಾನರ್ ಹಿಡಿದು ಫೋಟೋ ತೆಗೆಸಿಕೊಂಡರು, ಬಸ್ಸು ಹತ್ತಿ ಹೋದರು. ವಾರ್ಷಿಕ ವರದಿಯಲ್ಲಿ ಅದು ಯಶಸ್ವಿ ಕಾರ್ಯಕ್ರಮವೆಂದು ದಾಖಲಾಯಿತು. ಆದರೆ ಅವರಲ್ಲಿ ಒಬ್ಬರೂ ಒಂದು ಮರದ ಮುಂದೆಯೂ ಐದು ನಿಮಿಷ ನಿಂತಿರಲಿಲ್ಲ. ನಾನೇ ನಿಲ್ಲಲು ಬಿಟ್ಟಿರಲಿಲ್ಲ. ಕಣ್ಣೆದುರಿಗಿರುವ ಗಿಡವನ್ನು ಹಿನ್ನೆಲೆಯ ಹಸಿರೆಂದಷ್ಟೇ ನೋಡಿ ಮುಂದೆ ಸಾಗುವ ಮನುಷ್ಯಸಹಜ ಅಭ್ಯಾಸಕ್ಕೆ ವಾಂಡರ್ಸೀ ಮತ್ತು ಶುಸ್ಲರ್ ಎಂಬ ಅಮೆರಿಕದ ಇಬ್ಬರು ಶಿಕ್ಷಣತಜ್ಞರು 1990ರ ದಶಕದ ಕೊನೆಯಲ್ಲಿ ‘ಸಸ್ಯಕುರುಡು’ ಎಂಬರ್ಥದ ಹೆಸರಿಟ್ಟರು. ಆ ಕುರುಡನ್ನು ಕಳೆಯಲು ಹೊರಟ ನಾನು ಅದನ್ನು ಒಂದು ಸುತ್ತು ಗಟ್ಟಿ ಮಾಡಿ ಕಳುಹಿಸಿದ್ದೆ.

ಮುಂದಿನ ಸಲ ಮೂರೇ ಮರ. ಅದರಲ್ಲೊಂದು ಅತ್ತಿ. ಅಂದು ಮಕ್ಕಳ ಜೊತೆಗೆ ಅಕ್ಕಪಕ್ಕದ ಬೀದಿಗಳಿಂದ ಕೆಲವರು ಹಿರಿಯರೂ ಬಂದಿದ್ದರು. ಕೆಳಗೆ ಬಿದ್ದಿದ್ದ ಕಾಯೊಂದನ್ನು ಬ್ಲೇಡಿನಿಂದ ಸೀಳುತ್ತಿದ್ದಂತೆಯೇ ಅಜ್ಜಿಯೊಬ್ಬರು, ‘ಅತ್ತಿ ಹಣ್ಣು ಬಿಚ್ಚಿದರೆ ಬರೀ ಹುಳ ಅಂತ ಸುಮ್ಮನೆ ಹೇಳ್ತಾರಾ ಮೇಷ್ಟ್ರೇ’ ಎಂದರು. ಎಲ್ಲರೂ ನಕ್ಕರು. ಪಾಠ ಅಲ್ಲಿಂದಲೇ ಶುರುವಾಯಿತು. ನಾವು ಹಣ್ಣೆಂದು ಕರೆಯುವುದು ಒಳಮುಖವಾಗಿ ಮುಚ್ಚಿಕೊಂಡ ಹೂಗೊಂಚಲು. ನೂರಾರು ಪುಟ್ಟ ಹೂಗಳು ಅದರ ಒಳಗೋಡೆಯ ಮೇಲಿವೆ. ಎಳ್ಳಿನ ಕಾಳಿಗಿಂತ ದೊಡ್ಡದೇನಲ್ಲದ ಹೆಣ್ಣು ಕಣಜವೊಂದು ತುದಿಯ ಕಿರಿದಾದ ಕಂಡಿಯಿಂದ ನುಸುಳುವಾಗ ಸಾಮಾನ್ಯವಾಗಿ ತನ್ನ ರೆಕ್ಕೆಗಳನ್ನೇ ಕಳೆದುಕೊಳ್ಳುತ್ತದೆ. ಒಳಗೆ ಪರಾಗವನ್ನು ಹರಡಿ, ಕೆಲವು ಹೂಗಳಲ್ಲಿ ಮೊಟ್ಟೆಯಿಟ್ಟು ಅಲ್ಲಿಯೇ ಸಾಯುತ್ತದೆ. ಆ ಮೊಟ್ಟೆಗಳಿಂದ ಹುಟ್ಟುವ ಗಂಡುಗಳಿಗೆ ರೆಕ್ಕೆಯೇ ಇರುವುದಿಲ್ಲ. ಅವು ಹೊರದಾರಿಯನ್ನು ಕೊರೆದುಕೊಡುತ್ತವೆ, ಪರಾಗ ಹೊತ್ತ ಹೆಣ್ಣುಗಳು ಆ ದಾರಿಯಲ್ಲಿ ಹಾರಿಹೋಗುತ್ತವೆ. ಅತ್ತಿ, ಆಲ, ಅರಳಿಗಳು ಸೇರಿದ ಈ ಕುಲದಲ್ಲಿ 700ಕ್ಕೂ ಹೆಚ್ಚು ಜಾತಿಗಳಿವೆ. ಬಹುಪಾಲು ಜಾತಿಗಳಿಗೆ ಅವುಗಳದೇ ಆದ ಕಣಜವಿದೆ. ಮೇಲೊಂದು ಒಳಗೊಂದು ಎಂದು ಹಂಗಿಸಲು ಬಳಸುವ ಹುಳವೇ ಆ ಮರದ ವಂಶವನ್ನು ಬೆಳೆಸುತ್ತಿದೆ.

ಅಜ್ಜಿ ಎರಡು ವಾರ ಬಿಟ್ಟು ತಾವಾಗಿಯೇ ಬಂದರು. ಕಾಯಿಗಳು ಈಗ ಯಾವ ಹಂತದಲ್ಲಿವೆ ಎಂಬ ಕುತೂಹಲ. ನನ್ನ ಇಷ್ಟು ವರ್ಷಗಳ ಅಧ್ಯಾಪನದಲ್ಲಿ ಪರೀಕ್ಷೆಯ ಹಂಗಿಲ್ಲದೆ ಅದೇ ಮರವನ್ನು ಎರಡನೆಯ ಸಲ ನೋಡಲು ಬಂದ ಮೊದಲ ವ್ಯಕ್ತಿ ಅವರು. ಉದ್ಯಾನದ ಶೈಕ್ಷಣಿಕ ಕಾರ್ಯಕ್ರಮಕ್ಕೆ ಎಷ್ಟು ಜನ ಬಂದರು ಎಂದು ಎಣಿಸುವ ಬದಲು ಎಷ್ಟು ಜನ ಮರಳಿ ಬಂದರು ಎಂದು ಎಣಿಸಬೇಕೆಂದು ನನಗೆ ಹೊಳೆದದ್ದು ಆಗ.

ಜನಸಾಮಾನ್ಯರಿಗೆ ಸಸ್ಯಶಾಸ್ತ್ರ ಯಾಕೆ ಎಂದು ಕೇಳುವ ಸಹೋದ್ಯೋಗಿಗಳಿಗೆ ನಾನು ಜಾನ್ ಹೆನ್‌ಸ್ಲೋ ಅವರ ಹೆಸರು ಹೇಳುತ್ತೇನೆ. ಕೇಂಬ್ರಿಜ್‌ನಲ್ಲಿ ಡಾರ್ವಿನ್ನನ ಗುರುಗಳಾಗಿದ್ದವರು, 1846ರಲ್ಲಿ ತೆರೆದ ಅಲ್ಲಿನ ಹೊಸ ಸಸ್ಯೋದ್ಯಾನಕ್ಕೆ ಕಾರಣರಾದವರು. ಅವರೇ ಹಿಚಮ್ ಎಂಬ ಹಳ್ಳಿಯ ಪಾದ್ರಿಯಾಗಿ ಅಲ್ಲಿನ ಶಾಲೆಯ ಮಕ್ಕಳಿಗೂ ಸಸ್ಯಶಾಸ್ತ್ರ ಕಲಿಸಿದರು. ಮಕ್ಕಳು ತಾವೇ ಗಿಡ ಹುಡುಕಿ ತಂದು, ಹೂವಿನ ಭಾಗಗಳನ್ನು ಬಿಡಿಸಿ ನೋಡಿ ಗುರುತಿಸುತ್ತಿದ್ದರು. ಡಾರ್ವಿನ್ನನಿಗೆ ಒಂದು ಪಾಠ, ಹಳ್ಳಿಯ ಮಕ್ಕಳಿಗೆ ಅದನ್ನೇ ನೀರು ಬೆರೆಸಿ ತೆಳುಮಾಡಿದ್ದು ಎಂದು ಅವರು ಭಾವಿಸಿರಲಿಲ್ಲ.

ನಾಮಫಲಕಗಳ ಬಗ್ಗೆ ಒಂದೆರಡು ಮಾತು ಸಾಕು. ಮೆಟಾಸೆಕ್ವೊಯಾ ಎಂಬ ಮರಕ್ಕೆ ಲ್ಯಾಟಿನ್ ಹೆಸರು, ಕುಟುಂಬ, ಚೀನಾ ಎಂಬ ಮೂರು ಸಾಲು ಬರೆದು ಮೊಳೆ ಹೊಡೆಯುವುದು ವಾಡಿಕೆ (ಮರಕ್ಕೇ ಮೊಳೆ ಹೊಡೆಯುವವರಿಗೆ ಉದ್ಯಾನದ ಉಸ್ತುವಾರಿ ಕೊಡಲೇಬಾರದು). ಆ ಮರವನ್ನು ವಿಜ್ಞಾನಿಗಳು ಮೊದಲು ಗುರುತಿಸಿದ್ದು ಪಳೆಯುಳಿಕೆಯಲ್ಲಿ, 1941ರಲ್ಲಿ. ಜೀವಂತ ಮರಗಳು ಚೀನಾದಲ್ಲಿವೆ ಎಂದು ತಿಳಿದದ್ದು ಅದೇ ದಶಕದಲ್ಲಿ. 1948ರಲ್ಲಿ ಅದರ ಬೀಜಗಳು ಅರ್ನಾಲ್ಡ್ ಅರ್ಬೊರೇಟಂ ತಲುಪಿ, ಅಲ್ಲಿಂದ ಬೇರೆ ಬೇರೆ ದೇಶಗಳ ಉದ್ಯಾನಗಳಿಗೆ ಹಂಚಿಕೆಯಾದವು. ಅಷ್ಟನ್ನು ಎರಡು ವಾಕ್ಯದಲ್ಲಿ, ಓದುವವರ ಭಾಷೆಯಲ್ಲಿ ಬರೆದರೆ ಜನ ನಿಂತು ಓದುತ್ತಾರೆ.

ಹೆಚ್ಚು ಹೇಳಬೇಕಾದದ್ದು ದಾಖಲೆ ಪುಸ್ತಕದ ಬಗ್ಗೆ. ಆಯ್ದ ಹನ್ನೆರಡು ಮರಗಳಿಗೆ ವಾರಕ್ಕೊಮ್ಮೆ ಯಾರಾದರೂ ಹೋಗಿ ಚಿಗುರು, ಮೊಗ್ಗು, ಹೂ, ಕಾಯಿ, ಎಲೆ ಉದುರುವುದು, ಇವುಗಳಲ್ಲಿ ಕಂಡದ್ದನ್ನು ಬರೆಯಬೇಕು. ವರ್ಷಕ್ಕೊಮ್ಮೆ ನೆಲದಿಂದ 1.37 ಮೀಟರ್ ಎತ್ತರದಲ್ಲಿ ಕಾಂಡದ ಸುತ್ತಳತೆಯನ್ನು ಟೇಪಿನಿಂದ ಅಳೆಯಬೇಕು. ಇಷ್ಟು ಸಾಮಾನ್ಯವಾದ ಬರವಣಿಗೆಗೆ ಎಷ್ಟು ಬೆಲೆ ಎಂಬುದಕ್ಕೆ ಸಾಕ್ಷಿಯಿದೆ. ಅಮೆರಿಕದ ಸಸ್ಯವಿಜ್ಞಾನಿ ರಿಚರ್ಡ್ ಪ್ರಿಮ್ಯಾಕ್ ಮತ್ತು ಸಂಗಡಿಗರು ಅರ್ನಾಲ್ಡ್ ಅರ್ಬೊರೇಟಂನ ಹಳೆಯ ಒಣಗಿಸಿಟ್ಟ ಮಾದರಿಗಳ ಮೇಲಿನ ದಿನಾಂಕಗಳನ್ನು ಅವೇ ಮರಗಿಡಗಳು ಹೂಬಿಟ್ಟ ಇತ್ತೀಚಿನ ದಿನಾಂಕಗಳೊಂದಿಗೆ ಹೋಲಿಸಿ, 2004ರಲ್ಲಿ ಫಲಿತಾಂಶ ಪ್ರಕಟಿಸಿದರು: 1900ರಿಂದ 1920ರವರೆಗಿನ ಅವಧಿಗಿಂತ 1980ರಿಂದ 2002ರವರೆಗಿನ ಅವಧಿಯಲ್ಲಿ ಗಿಡಗಳು ಸರಾಸರಿ 8 ದಿನ ಮುಂಚೆ ಹೂಬಿಟ್ಟಿದ್ದವು. ಒಂದು ಶತಮಾನದ ಹಿಂದೆ ಆ ದಿನಾಂಕ ಬರೆದಿಟ್ಟವರಿಗೆ ಹವಾಮಾನ ಬದಲಾವಣೆಯ ಕಲ್ಪನೆಯೂ ಇದ್ದಿರಲಾರದು.

ನಮ್ಮ ಪುಸ್ತಕವನ್ನು ಮೊದಲು ವಿದ್ಯಾರ್ಥಿಗಳ ಕೈಗೆ ಕೊಟ್ಟೆವು. ಉತ್ಸಾಹದಿಂದಲೇ ಬರೆದರು. ಆದರೆ ವರ್ಷದ ಕೊನೆಯಲ್ಲಿ ನೋಡಿದರೆ ಪರೀಕ್ಷೆಯ ವಾರಗಳು ಖಾಲಿ, ದೀರ್ಘ ರಜೆಯ ಎರಡು ತಿಂಗಳು ಪೂರ್ತಿ ಖಾಲಿ. ಮರ ಕಾಲೇಜಿನ ವೇಳಾಪಟ್ಟಿಯನ್ನು ನೋಡಿಕೊಂಡು ಹೂಬಿಡುವುದಿಲ್ಲ. ಹನ್ನೆರಡರಲ್ಲಿ ಐದು ಮರಗಳು ರಜೆಯಲ್ಲಿಯೇ ಹೂವಾಗಿ, ರಜೆಯಲ್ಲಿಯೇ ಕಾಯಿಕಟ್ಟಿದ್ದವು. ಆ ಐದರ ಬಗ್ಗೆ ನಮ್ಮಲ್ಲಿ ಏನೂ ಇರಲಿಲ್ಲ, ತೋಟದ ಮಾಲಿಯ ನೆನಪನ್ನು ಬಿಟ್ಟು. ಅವರನ್ನು ಕೇಳಿದಾಗ ಪ್ರತಿಯೊಂದರ ಲೆಕ್ಕವನ್ನೂ ಸರಿಸುಮಾರು ವಾರದ ಮಟ್ಟಿಗೆ ಹೇಳಿದರು. ಇಪ್ಪತ್ತು ವರ್ಷ ಆ ಮರಗಳಿಗೆ ನೀರುಣಿಸಿದ ಅವರನ್ನು ಒಮ್ಮೆಯೂ ತರಗತಿಗೆ ಕರೆದಿರಲಿಲ್ಲ ಎಂಬುದನ್ನು ನಾಚಿಕೆಯಿಂದಲೇ ಬರೆಯುತ್ತಿದ್ದೇನೆ.

ವೃಕ್ಷೋದ್ಯಾನಗಳಿಗೆ ಮಾನ್ಯತೆ ನೀಡುವ ಆರ್ಬ್‌ನೆಟ್ ಎಂಬ ಅಂತರರಾಷ್ಟ್ರೀಯ ವ್ಯವಸ್ಥೆ 2011ರಿಂದ ಇದೆ. ಅದರ ನಾಲ್ಕು ಹಂತಗಳಲ್ಲಿ ಮೊದಲನೆಯದಕ್ಕೆ 25 ಜಾತಿಯ ಮರಗಿಡಗಳು, ಜನರಿಗೆ ಪ್ರವೇಶ, ವರ್ಷಕ್ಕೊಂದಾದರೂ ಸಾರ್ವಜನಿಕ ಕಾರ್ಯಕ್ರಮ ಇರಬೇಕು. ಸಣ್ಣ ಕಾಲೇಜುಗಳೂ ಮುಂದೆ ಬರಲಿ ಎಂದು ಇಟ್ಟ ಕನಿಷ್ಠ ಮಿತಿ ಇದು, ತಪ್ಪೇನಿಲ್ಲ. ಆದರೆ ಕನಿಷ್ಠವೇ ಗುರಿಯಾಗಿಬಿಟ್ಟರೆ ಮತ್ತದೇ ಸಸಿ ನೆಡುವ ದಿನ, ಅದೇ ಬ್ಯಾನರ್.

ಜನರನ್ನು ಬಿಟ್ಟರೆ ಕೊಂಬೆ ಮುರಿಯುತ್ತಾರೆ, ಕಸ ಹಾಕುತ್ತಾರೆ, ಖರ್ಚು ಯಾರು ಕೊಡುತ್ತಾರೆ ಎಂಬ ಆಕ್ಷೇಪಗಳನ್ನು ನಾನು ತಳ್ಳಿಹಾಕುವುದಿಲ್ಲ. ಕಾಂಡದ ಮೇಲೆ ಹೆಸರು ಕೆತ್ತಿದವರನ್ನು ನಾನೂ ಕಂಡಿದ್ದೇನೆ; ಅವರು ನಮ್ಮದೇ ವಿದ್ಯಾರ್ಥಿಗಳು. ಬಿದ್ದದ್ದನ್ನು ಮಾತ್ರ ಎತ್ತಬೇಕು, ಮರದ ಮೇಲಿರುವುದನ್ನು ಕೀಳಬಾರದು ಎಂಬ ಒಂದೇ ನಿಯಮವನ್ನು ಮೊದಲ ನಡಿಗೆಯಲ್ಲಿಯೇ ಹೇಳಿದ ಮೇಲೆ ನೆರೆಯವರಿಂದ ಅಂಥ ತೊಂದರೆ ಬಂದದ್ದು ಕಡಿಮೆ. ಖರ್ಚು ಬರುವುದು ಕೂರಲು ಬೆಂಚು, ಕುಡಿಯಲು ನೀರು, ಶೌಚಾಲಯ ಇವುಗಳಿಗೆ; ಇವಿಲ್ಲದೆ ಹಿರಿಯರನ್ನು ಕರೆಯುವುದು ಬಾಯಿಮಾತಿನ ಉಪಚಾರವಾಗುತ್ತದೆ.

ಈಗ ನಮ್ಮ ಪುಸ್ತಕದಲ್ಲಿ ಆರು ಜನರ ಕೈಬರಹವಿದೆ. ಅಜ್ಜಿಯದೂ ಇದೆ, ಮಾಲಿ ಹೇಳಿ ಮಗಳ ಕೈಯಲ್ಲಿ ಬರೆಸಿದ್ದೂ ಇದೆ. ಮೊಗ್ಗನ್ನು ಕಾಯಿ ಎಂದು ಬರೆದ ತಪ್ಪುಗಳಿವೆ; ಅವನ್ನು ಅಳಿಸದೆ ಪಕ್ಕದಲ್ಲಿ ತಿದ್ದುತ್ತೇವೆ. ರಜೆಯ ಎರಡು ತಿಂಗಳ ಪುಟಗಳು ಕಳೆದ ಎರಡು ವರ್ಷಗಳಿಂದ ತುಂಬಿವೆ. ಪುಸ್ತಕವನ್ನು ವಿಭಾಗದ ಕಪಾಟಿನಿಂದ ತೆಗೆದು ಗೇಟಿನ ಬಳಿಯ ಕಾವಲುಗಾರರ ಕೋಣೆಯಲ್ಲಿ ಇಟ್ಟಿದ್ದೇವೆ, ಏಕೆಂದರೆ ವರ್ಷವಿಡೀ ಬೀಗವಿಲ್ಲದ ಕೋಣೆ ಆವರಣದಲ್ಲಿ ಅದೊಂದೇ.